ಬಾಳಪ್ಪ ಅವ್ವನನ್ನು ನಡೆಸಿದ್ದು

ಗಿರಿಜವ್ವನಿಗೆ ಇದ್ದವನು ಒಬ್ಬನೇ ಮಗ, ಬಾಳಪ್ಪ. ಒಳ್ಳೆಯವನು. ಪೆದ್ದ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವನು, ಕಷ್ಟವೇ ಅದು. ಒಲೆ ನೋಡಿಕೋ ಎಂದರೆ ಒಲೆಯನ್ನೇ ನೋಡುತ್ತ ಕೂರುವನು, ಮೇಲೆ ಹಾಲು ಉಕ್ಕಿ ಹೋಗಿರುವುದು.

ಖಾನಾವಳಿಗೆ ರೊಟ್ಟಿ ಬಡಿದು ಅವನನ್ನು ಸಾಕುತ್ತಿದ್ದ ಗಿರಿಜವ್ವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಅವಳ ತಮ್ಮ ಶಿವಲಿಂಗಪ್ಪ ಬಂದು ನೋಡಿದ. ಯುಗಾದಿವರೆಗೆ ಕಾಯುತ್ತೇನೆ, ಅಷ್ಟರಲ್ಲಿ ನಡೆದೆಯೋ ಸರಿ, ಇಲ್ಲದಿದ್ದರೆ ನನ್ನೂರಿಗೆ ಕರೆದೊಯ್ಯುತ್ತೇನೆ ಎಂದ. ಬಾಳಪ್ಪನಿಗೆ ತನ್ನ ಮನೆಯಲ್ಲಿ ಜಾಗವಿಲ್ಲ ಎಂದೂ ಹೇಳಿದ. ಗಿರಿಜವ್ವ ಗೋಡೆ ಕಡೆ ಮುಖ ತಿರುಗಿಸಿದಳು. ತಾನಿಲ್ಲದೆ ಈ ಮಗ ಬದುಕುವವನಲ್ಲ.

ಪೇಟೆಯಿಂದ ಫಿಜಿಯೋಥೆರಪಿಯ ಡಾಕ್ಟರಬಾಯಿ ಪರ್ವೀನ್ ಸ್ಕೂಟರಿನಲ್ಲಿ ಮನೆಗೇ ಬರತೊಡಗಿದಳು. ಒಬ್ಬೊಬ್ಬರ ಮೈಗೆ ಒಂದೊಂದು ವ್ಯಾಯಾಮ ಎನ್ನುವವಳು. ಗಿರಿಜವ್ವ ಏನು ಕೆಲಸ ಮಾಡುತ್ತಿದ್ದಳೆಂದು ಕೇಳಿದಳು. ತಂದ ರಬ್ಬರ್ ಚೆಂಡನ್ನು ಚೀಲಕ್ಕೆ ಹಾಕಿ, ಜೋಳದ ಹಿಟ್ಟಿನ ಮುದ್ದೆಯನ್ನು ಬಲಗೈಗೆ ಕೊಟ್ಟಳು. ಬೆರಳು ಅದನ್ನು ಗುರುತು ಹಿಡಿದವು. ಹೋಗುವಾಗ ಬಾಳಪ್ಪನಿಗೆ, ಅವ್ವನ ಕೆಲಸ ಅವ್ವನೇ ಮಾಡಲಿ, ನೀನು ಕೈ ಹಾಕಬೇಡ ಎಂದಳು.

ಮಾರನೆಯ ದಿನ ಗಿರಿಜವ್ವ ಮಂಚದಿಂದ ಜಾರಿ ಬಿದ್ದಳು. ಬಾಳಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತ ನಿಂತ. ಪಕ್ಕದ ಮನೆಯವರು ಬಂದು ಎತ್ತಿದರು.

"ಬೀಳೂಮುಂದ ಹಿಡೀಬೇಕಪಾ," ಎಂದಳು ಡಾಕ್ಟರಬಾಯಿ. "ಗಟ್ಟಿ ಹಿಡಿ. ಬಿಡಬ್ಯಾಡ."

"ಹಂಗಾಗಲಿ ಬಾಯಾರ," ಎಂದ ಬಾಳಪ್ಪ.

ಹಿಡಿದ. ಬಿಡಲಿಲ್ಲ. ಉಣ್ಣುವಾಗ ಹಿಡಿದ, ಮಲಗಿದಾಗ ಹಿಡಿದ. ಹಾಲಿನವಳು ಬಾಗಿಲಲ್ಲಿ ಕೂಗಿ ಕೂಗಿ ಹೋದಳು, ಬಿಡಲಿಲ್ಲ. ಡಾಕ್ಟರಬಾಯಿ ನಡೆಸಲು ಬಂದರೂ ಬಿಡಲಿಲ್ಲ. ಅವಳೇ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಹೀಗೆ ಹಿಡಿದರೆ ಕಾಲು ಏನು ಕಲಿತಾವು ಎಂದು ಬೈದಳು. ಅವ್ವನಿಗೆ ಬೇಕಾದದ್ದನ್ನು ಸ್ವಲ್ಪ ದೂರ ಇಡು. ಮುಟ್ಟಿದಳೋ, ಇನ್ನೂ ಸ್ವಲ್ಪ ದೂರ ಇಡು. ತಾನೇ ನಡೆಯುತ್ತಾಳೆ ಎಂದು ಹೇಳಿಕೊಟ್ಟಳು.

ಇಟ್ಟ. ಊಟದ ತಾಟನ್ನು ನಡುಮನೆಯಲ್ಲಿಟ್ಟ. ಗಿರಿಜವ್ವ ಗೋಡೆ ಹಿಡಿದು ಬಂದು ಮುಟ್ಟಿದಳು. ಪಡಸಾಲೆಯಲ್ಲಿಟ್ಟ. ಅಲ್ಲಿಗೂ ಬಂದಳು. ಹೊರಗೆ ಕಟ್ಟೆಯ ಮೇಲಿಟ್ಟ. ಅವಳು ಹೋಗುವಷ್ಟರಲ್ಲಿ ಓಣಿಯ ಆಡು ಉಂಡು ಮುಗಿಸಿತ್ತು.

"ಆಡಿಗೆ ಚೊಲೋ ವ್ಯಾಯಾಮ ಆತು ಬಿಡು," ಎಂದಳು ಗಿರಿಜವ್ವ. ಅಂದು ಉಪವಾಸ ಮಲಗಿದಳು.

ಡಾಕ್ಟರಬಾಯಿ ಹಣೆ ಚಚ್ಚಿಕೊಂಡಳು. ಹಸಿದವರ ಅನ್ನ ಸರಿಸಬಾರದು. ಅವ್ವನಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಯಾವುದೆಂದು ಕೇಳು, ಅದನ್ನು ದೂರ ಇಡು ಎಂದಳು.

ಬಾಳಪ್ಪ ಕೇಳಿದ. ಗಿರಿಜವ್ವ ಎಡಗೈಯಿಂದ ಅವನ ಕೆನ್ನೆ ತಟ್ಟಿದಳು.

"ನೀನ ಅಲ್ಲೇನೋ, ಹುಚ್ಚಪ್ಪ," ಎಂದಳು. "ಮತ್ತೇನೈತಿ ನನಗ?"

ಯುಗಾದಿಯ ಮರುದಿನ ಶಿವಲಿಂಗಪ್ಪ ಬಂದ. ಅಕ್ಕ ಗೋಡೆ ಹಿಡಿದು ನಿಂತದ್ದನ್ನು ನೋಡಿದ. ಗೋಡೆ ಹಿಡಿದು ನಡೆದರೆ ಅದು ನಡಿಗೆಯಲ್ಲ ಎಂದು ಅವಳ ಸೀರೆಗಳನ್ನು ಗಂಟು ಕಟ್ಟಿದ.

ಬಾಳಪ್ಪ ಅವ್ವನ ಕೈಗೆ ಕೋಲು ಕೊಟ್ಟು, ಹೋಗಿ ಬಾಗಿಲಲ್ಲಿ ನಿಂತ. ಗಿರಿಜವ್ವ ಗೋಡೆ ಬಿಟ್ಟಳು. ಬಂದಳು. ಬೇವಿನ ಮರದ ಕೆಳಗೆ ಹೋಗಿ ನಿಂತ. ಅಲ್ಲಿಗೂ ಬಂದಳು. ಹಿಟ್ಟಿನ ಗಿರಣಿ ಮುಂದೆ ನಿಂತ. ನಿಲ್ಲೋ, ನಿಲ್ಲೋ ಎನ್ನುತ್ತ ಅಲ್ಲಿಗೂ ಬಂದಳು. ಕಾಲು ಎಳೆಯುತ್ತಿತ್ತು, ಬೆವರು ಇಳಿಯುತ್ತಿತ್ತು. ಓಣಿಯ ಹೆಂಗಸರು ಹೊರಗೆ ಬಂದು ನೋಡಿದರು, ಯಾರೂ ನಗಲಿಲ್ಲ. ಶಿವಲಿಂಗಪ್ಪ ಗಂಟು ಹಿಡಿದುಕೊಂಡೇ ಹಿಂದೆ ನಡೆದ.

ಬಸ್ ನಿಲ್ದಾಣದಲ್ಲಿ ಅವಳ ಕೈಗೆ ಮಗನ ಅಂಗಿ ಸಿಕ್ಕಿತು.

ಶಿವಲಿಂಗಪ್ಪ ಗಂಟು ಕೆಳಗಿಟ್ಟ. "ನಡದಿ ಅಕ್ಕಾ," ಎಂದ. "ನಿನ್ನ ಮನ್ಯಾಗ ನೀ ಇರು. ನಿನ್ನ ಮಗನ್ನ ನೀ ನೋಡಿಕೋ."

ಗಿರಿಜವ್ವನ ಕಣ್ಣು ತುಂಬಿದವು. ಮಗನನ್ನು ನೋಡಿಕೊಳ್ಳೋಣವೆಂದು ತಿರುಗಿದಳು. ಅವ್ವ ಮುಟ್ಟಿದ್ದಳಲ್ಲವೇ, ಬಾಳಪ್ಪ ಅಂಗಿ ಬಿಡಿಸಿಕೊಂಡು, ಹೊರಟಿದ್ದ ಬಾಗಲಕೋಟೆ ಬಸ್ಸು ಹತ್ತಿದ್ದ. ಬಸ್ಸು ಧೂಳೆಬ್ಬಿಸಿ ತಿರುವಿಗೆ ಹೋಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಅವನು ಕರೆಯುತ್ತಿದ್ದ:

"ಬಾ ಅವ್ವಾ. ಇನ್ನ ಸ್ವಲ್ಪ ದೂರ."