‘ಬಂತು’ ಎಂದವಳು

"ಮಠದ ಹಾದಿ ಇದೇ ಏನಪ್ಪಾ?"

ಕುರಿ ಕಾಯುವವನು ತಲೆಯ ಕಂಬಳಿ ಸರಿಸಿ ಇಬ್ಬರ ಕಾಲುಗಳನ್ನೂ ನೋಡಿದ. ಹೆಂಗಸಿನ ಹಿಮ್ಮಡಿ ಒಡೆದಿತ್ತು, ಗಂಡಸು ಕುಂಟುತ್ತಿದ್ದ. "ಇಲ್ಲೇ ಐತ್ರಿ ಅವ್ವಾರ, ಒಂದು ಕೂಗಳತಿ," ಎಂದು ಎತ್ತಲೋ ಕೈ ಬೀಸಿದ.

ಬೆಳಗಿನಿಂದ ಹಾಗೆ ಹೇಳಿದವರಲ್ಲಿ ಅವನು ಮೂರನೆಯವನು. ನೀಲಗಂಗಮ್ಮ ನಕ್ಕಳು. ಶ್ರೀಶೈಲದಿಂದ ಗಿರ್ನಾರದವರೆಗೆ ನಡೆದವಳು ಅವಳು. ದಣಿದವರಿಗೆ ದೂರವನ್ನು ಕಡಿಮೆ ಮಾಡಿ ಹೇಳುವ ಜನ ಎಲ್ಲ ಕಡೆಯೂ ಸಿಕ್ಕಿದ್ದರು.

ಹಿಂದೆ ಬರುತ್ತಿದ್ದ ಶಿಷ್ಯ ಈರಯ್ಯನಿಗೆ ನಗು ಬರಲಿಲ್ಲ. ಮರುದಿನ ಅವನು ಆ ಮಠದ ಗುರುಪೀಠದಲ್ಲಿ ಕೂರುವವನಿದ್ದ. ನಾಲ್ಕು ಊರಿನ ಜನ ಇನ್ನು ಅವನ ಮಾತು ಕೇಳಿ ಬಾಳುವೆ ಮಾಡುವವರಿದ್ದರು. ಈರಯ್ಯನಿಗೆ ಅರಿವು ದಕ್ಕಿದೆ ಎಂದು ಹೋದ ವರ್ಷ ಅವನು ಜ್ವರದಲ್ಲಿ ಮಲಗಿದ್ದಾಗ ನೀಲಗಂಗಮ್ಮ ಎಲ್ಲರೆದುರು ಆಡಿದ ಒಂದೇ ಮಾತನ್ನು ನಂಬಿ ಅವರು ಅವನನ್ನು ಕರೆಸಿಕೊಂಡಿದ್ದರು.

"ಅವ್ವಾ," ಎಂದ ಈರಯ್ಯ, "ಆ ಕುರಿಗಾರ ಮಾಡಿದ್ದು ಸುಳ್ಳೋ, ಕರುಣೆಯೋ? ನಾಳೆ ನನ್ನೆದುರು ಒಬ್ಬ ದಣಿದು ಬಂದು ಕೂತರೆ, ಅವನ ಸಂಕಟ ನೋಡಲಾರದೆ ನಾನೂ ಅಂಥದೊಂದು ಮಾತು ಹೇಳಬಹುದೇ?"

ಹೊರಟ ದಿನದಿಂದ ಈ ಹುಡುಗನಿಗೆ ಸಲ್ಲಬೇಕಾದ ಒಂದು ಮಾತು ನೀಲಗಂಗಮ್ಮನ ಒಳಗೇ ಉಳಿದಿತ್ತು. ಬೇವಿನ ನೆರಳು ಸಿಕ್ಕಲ್ಲಿ ಕೂತು ಕತೆ ಹೇಳಿದಳು.

ಒಬ್ಬ ಡಿಶ್ ಕೂರಿಸುವವನಿದ್ದ. ತಿಂಗಳ ಬಾಡಿಗೆ ಇಲ್ಲದೆ ಟಿವಿ ತೋರಿಸುವ ಡಿಶ್. ಮಾಳಿಗೆಯ ಮೇಲೆ ಅದರ ಬುಟ್ಟಿಯನ್ನು ಆಕಾಶದ ಒಂದು ಉಪಗ್ರಹಕ್ಕೆ ಗುರಿಯಿಟ್ಟು ನಿಲ್ಲಿಸಬೇಕು. ಆ ಉಪಗ್ರಹ ಕಣ್ಣಿಗೆ ಕಾಣುವುದಿಲ್ಲ. ಬುಟ್ಟಿ ಬೆರಳಿನಷ್ಟು ಅತ್ತಿತ್ತಲಾದರೂ ಕೆಳಗೆ ಪರದೆ ಕಪ್ಪು. ಗುರಿ ಕೂತಿತೋ ಇಲ್ಲವೋ ಎಂದು ತೋರಿಸುವ ಮೀಟರು ಅವನ ಬಳಿ ಇರಲಿಲ್ಲ. ಹೆಂಡತಿಯ ಬಾಯೇ ಅವನ ಮೀಟರು.

ಅವನು ಮೇಲೆ, ಅವಳು ಕೆಳಗೆ ಟಿವಿಯ ಮುಂದೆ. ಪರದೆಯಲ್ಲಿ ಎರಡು ಪಟ್ಟಿ. ಏನೋ ಬರುತ್ತಿದೆ ಎಂದು ಮೊದಲನೆಯದು ಹೇಳುತ್ತದೆ. ಯಾವ ಉಪಗ್ರಹ ಸಿಕ್ಕರೂ ಅದು ತುಂಬುತ್ತದೆ. ಬರಬೇಕಾದದ್ದೇ ಬರುತ್ತಿದೆ ಎಂದು ಎರಡನೆಯದು ಹೇಳುತ್ತದೆ. ಹೊಸಬರು ಮೊದಲನೆಯದನ್ನು ನೋಡಿ ಕುಣಿಯುತ್ತಾರೆ. ಅವಳು ಎರಡನೆಯದರಿಂದ ಕಣ್ಣು ಕೀಳುತ್ತಿರಲಿಲ್ಲ. ಅವನು ಕೂದಲೆಳೆಯಷ್ಟು ತಿರುಗಿಸಿ, ಉಸಿರು ಬಿಗಿಹಿಡಿದು ಕಾದು, ಕೇಳುವನು: "ಬಂತೇನು?" ಅವಳು ಕೂಗುವಳು: "ಇಲ್ಲ." ಮತ್ತೆ ಕೂದಲೆಳೆ. "ಬಂತು" ಎಂದು ಕಿವಿಗೆ ಬಿದ್ದ ಮೇಲೆಯೇ ಅವನ ಪಾನಾ ಬೋಲ್ಟನ್ನು ಬಿಗಿಯುತ್ತಿತ್ತು.

"ಲೋಕದಾಗ ಹೆಂಡ್ತಿ ಮಾತು ಕೇಳಾಂವ ನೀನೊಬ್ಬನೇ ನೋಡಪಾ," ಎಂದು ಜನ ಚೇಷ್ಟೆ ಮಾಡುವರು.

"ಕೇಳಲಿಲ್ಲಂದ್ರ ನಿಮ್ಮ ಟಿವಿ ಕರೀಹಲಗಿ ಆಕ್ಕೈತಿ," ಎನ್ನುವನು.

ಹೀಗೆ ಹನ್ನೊಂದು ವರ್ಷ ನಡೆಯಿತು. ಒಂದು ದಿನ ಒಬ್ಬ ವ್ಯಾಪಾರಿಯ ಮೂರಂತಸ್ತಿನ ಮನೆ. ಕೆಲಸದ ನಡುವೆ ಮೋಡ ಕವಿಯಿತು. ಕಿಟಕಿಯಾಚೆ ಮಿಂಚಿತು.

"ಸಾಕು, ಇಳೀರಿ," ಎಂದು ಅವಳು ಕೂಗಿದಳು.

"ಬಂತೇನು?"

"ಇಲ್ಲ. ಮಿಂಚಾಕ ಹತ್ತೈತಿ."

"ನಿನ್ನ ಕೂರಿಸಿದ್ದು ಟಿವಿ ನೋಡಾಕೋ, ಮಳಿ ನೋಡಾಕೋ?"

ಇನ್ನೊಂದು ಮಿಂಚು ಊರ ಹತ್ತಿರವೇ ಇಳಿಯಿತು. ಎರಡನೆಯ ಪಟ್ಟಿ ಖಾಲಿ ಇತ್ತು. "ಬಂತು!" ಎಂದಳು.

ಅವನು ಬಿಗಿದ, ಇಳಿದ, ಒಳಗೆ ಬಂದು ಚಹದ ಲೋಟ ಕೈಗೆ ತೆಗೆದುಕೊಂಡ. ಪರದೆ ಕಪ್ಪಾಗಿತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ಮಾಳಿಗೆಗೆ ಸಿಡಿಲು ಬಡಿಯಿತು. ಬುಟ್ಟಿ ಕರಕಲಾಯಿತು.

"ಬಂದಿದ್ದಿಲ್ಲ," ಎಂದ ಅವನು, ಕಿವಿಯ ಗುಂಯ್ ಇಳಿದ ಮೇಲೆ.

"ನೀವು ಉಳಿದ್ರಲ್ಲ," ಎಂದಳು.

ಅವನು ಚಹ ಕುಡಿದು ಲೋಟ ಕೆಳಗಿಟ್ಟ. ಆ ಮಾತು ಮತ್ತೆ ಅವರ ನಡುವೆ ಬರಲಿಲ್ಲ.

ಮುಂದಿನ ತಿಂಗಳು ಒಬ್ಬ ಬಡಗಿಯ ಮನೆ. ಆಕಾಶ ತೊಳೆದಿಟ್ಟಂತಿತ್ತು. ನಾಲ್ಕನೆಯ ಸಲ ತಿರುಗಿಸುವಾಗ ಎರಡನೆಯ ಪಟ್ಟಿ ತುಂಬಿತು, ಚಿತ್ರ ನಿಂತಿತು. "ಬಂತು," ಎಂದಳು.

ಪಾನಾ ತಿರುಗಲಿಲ್ಲ. ಅವನು ಸುತ್ತಲೂ ಆಕಾಶ ನೋಡಿದ. ಹೆದರುವಂಥದ್ದೇನೂ ಕಾಣಲಿಲ್ಲ.

"ಖರೇನ?"

ಹನ್ನೊಂದು ವರ್ಷದಲ್ಲಿ ಅವನು ಹಾಗೆ ಕೇಳಿದವನಲ್ಲ. "ಖರೇನ ಅಂದ್ರ? ಬಂತು ಅಂದೆನಲ್ಲ," ಎಂದಳು. ಅವಳ ದನಿ ನಡುಗಿತು. ಆ ನಡುಕವೂ ಅವನಿಗೆ ಕೇಳಿಸಿತು.

ಬೋಲ್ಟನ್ನು ಸಡಿಲವಾಗಿಯೇ ಬಿಟ್ಟು ಅವನು ಮಾಳಿಗೆಯ ಅಂಚಿಗೆ ಹೋದ. ಬಗ್ಗಿ, ಕಿಟಕಿಯಿಂದ ಪರದೆಯನ್ನು ತಾನೇ ಒಮ್ಮೆ ನೋಡಬೇಕೆಂದುಕೊಂಡ. ಅಂಚಿನದು ಹಳೆಯ ಮಣ್ಣಿನ ಇಟ್ಟಿಗೆ, ಕಳಚಿತು. ಕೆಳಗೆ ಬಟ್ಟೆ ಒಗೆಯುವ ಕಲ್ಲಿತ್ತು.

ಬಿದ್ದ ಸದ್ದು ಕೇಳಿದಾಗ ಅವಳ ಕಣ್ಣು ಎರಡನೆಯ ಪಟ್ಟಿಯ ಮೇಲೆಯೇ ಇತ್ತು. ಚಿತ್ರ ಸ್ವಚ್ಛವಾಗಿತ್ತು. ಯಾರೋ ಎಣ್ಣೆಗಾಯಿ ಮಾಡುವುದನ್ನು ಕಲಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ, ಬಿಗಿಯದ ಬುಟ್ಟಿ ಗಾಳಿಗೆ ವಾಲಿ, ಅದೂ ಹೋಯಿತು.

ಕತೆ ಅಲ್ಲಿಗೆ ನಿಂತಿತು. ಈರಯ್ಯ ನೆಲವನ್ನು ಕೆದಕುತ್ತ ಕೂತಿದ್ದ.

"ಆದರೆ ಅವ್ವಾ, ಅವಳು ಸುಳ್ಳು ಹೇಳದಿದ್ದರೆ ಅವನು ಸಿಡಿಲಿಗೇ ಸಾಯುತ್ತಿದ್ದ."

"ಸಾಯುತ್ತಿದ್ದ."

"ಹಾಗಾದರೆ ಅವಳ ತಪ್ಪೇನು?"

"ಇಳಿದು ಬಂದವನಿಗೆ ಬಾಗಿಲಲ್ಲೇ ನಿಂತು, ‘ಬಂದಿಲ್ಲ, ನಿಮ್ಮ ಜೀವಕ್ಕಾಗಿ ಸುಳ್ಳಾಡಿದೆ’ ಎನ್ನಬೇಕಿತ್ತು. ಅವನೇ ಕಪ್ಪು ಪರದೆ ನೋಡಿ ತಿಳಿದುಕೊಳ್ಳುವ ತನಕ ಸುಮ್ಮನಿದ್ದಳು."

ಈರಯ್ಯ ತಲೆದೂಗಿದ. ನಾಳೆ ಪೀಠದಿಂದ ಜನರಿಗೆ ಹೇಳಲು ತಕ್ಕ ಕತೆ ಎಂದ. ಎದ್ದು ಜೋಳಿಗೆಯನ್ನು ಹೆಗಲಿಗೇರಿಸಿ, ಅವಳನ್ನು ಎಬ್ಬಿಸಲು ಕೈ ಚಾಚಿದ.

ನೀಲಗಂಗಮ್ಮ ಆ ಕೈ ಹಿಡಿದಳು, ಏಳಲಿಲ್ಲ.

"ಹೋದ ವರ್ಷ ಜ್ವರದಲ್ಲಿ ನೀನು ಸಾಯುತ್ತೀಯೆಂದುಕೊಂಡು ನಿನಗೆ ಅರಿವು ದಕ್ಕಿತು ಎಂದುಬಿಟ್ಟೆ, ಈರಯ್ಯಾ, ನೀನು ಬದುಕಿಕೊಂಡೆ."