ಹತ್ತಿಯ ಮಳಿಗೆಗೆ ದಾರಿ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಕೈಲಾಗದವರಿಗೆ ಉಪಕಾರ ಮಾಡಿದರೆ ಅವರು ಅದನ್ನು ನೆನೆಯಬೇಕಲ್ಲವೇ? ನೆನೆಯದಿದ್ದರೆ ಮಾಡಿದವನ ಮನಸ್ಸಿಗೆ ನೋವಾಗುತ್ತದೆ.”

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ನೂಲುವವರಿಗೆ ಹತ್ತಿ ಕೊಟ್ಟು, ಅವರು ತಂದ ನೂಲಿಗೆ ಕೂಲಿ ಕೊಡುತ್ತಿದ್ದ. ಅವನ ಮಳಿಗೆ ಎತ್ತರದ ಜಗಲಿಯ ಮೇಲಿತ್ತು. ನೂಲುವವರು ಮೆಟ್ಟಿಲೇರಿ ಒಳಗೆ ಹೋಗಿ, ತಮಗೆ ಬೇಕಾದ ಹತ್ತಿಯನ್ನು ಆರಿಸಿಕೊಳ್ಳುತ್ತಿದ್ದರು.

ಕಾಲಿಗೆ ಬಲವಿಲ್ಲದ ಒಬ್ಬ ಹೆಂಗಸು ಆ ಊರಿನಲ್ಲಿದ್ದಳು. ಕೈಯೂರಿ ತೆವಳುತ್ತಿದ್ದಳು. ಅವಳೂ ಹತ್ತಿ ಕೇಳಲು ಬಂದಳು. ಮೆಟ್ಟಿಲ ಕೆಳಗೆ ಅವಳನ್ನು ಕಂಡು ವರ್ತಕನಿಗೆ ಕನಿಕರವಾಯಿತು. ದಿನವೂ ಊಟ ಕಳಿಸಿದ. ಹತ್ತಿಯನ್ನೂ ಕಳಿಸಿದ, ಅದು ಎಲ್ಲರೂ ಆರಿಸಿಕೊಂಡ ಮೇಲೆ ಉಳಿದದ್ದು. ಅದನ್ನು ನೂತರೆ ಎಳೆ ತುಂಡಾಗುತ್ತಿತ್ತು. ಅವಳಿಗೆ ಕೂಲಿ ಕಡಿಮೆ ಸಿಕ್ಕಿತು. ಪಾಪ, ಅವಳ ಕೈಯಲ್ಲಿ ಇಷ್ಟೇ ಆಗುವುದು ಎಂದು ಊರು ಮಾತಾಡಿಕೊಂಡಿತು.

ಒಂದು ದಿನ ಅವಳು ಮೆಟ್ಟಿಲ ಕೆಳಗೆ ಬಂದು ಕುಳಿತಳು, ಕಳಿಸಿದ ಊಟ ಮುಟ್ಟಲಿಲ್ಲ. ವರ್ತಕ ಇಳಿದು ಬಂದ.

“ಸಾಲದೇನಮ್ಮ? ಇನ್ನಷ್ಟು ಕಳಿಸುತ್ತೇನೆ.”

“ಊಟ ಬೇಡ ಸಾಹುಕಾರರೇ. ನನ್ನ ಹತ್ತಿಯನ್ನು ನಾನೇ ಆರಿಸಬೇಕು.”

“ಹಾಗಾದರೆ ಆಳುಗಳು ನಿನ್ನನ್ನು ಎತ್ತಿ ತರಲಿ.”

“ಅವರಿಗೆ ಬಿಡುವಾಗುವ ಹೊತ್ತಿಗೆ ಒಳ್ಳೆಯ ಹತ್ತಿ ಮುಗಿದಿರುತ್ತದೆ. ನಾನು ಬರುವುದಕ್ಕೆ ದಾರಿ ಮಾಡಿಸಿ.”

ವರ್ತಕ ಸಿಟ್ಟಾಗಿ ಒಳಗೆ ಹೋದ. ಅವಳು ಅಲ್ಲೇ ಕುಳಿತಳು. ಮರುದಿನವೂ ಬಂದು ಕುಳಿತಳು. ನೂಲುವವರು ಅವಳ ಪಕ್ಕದಿಂದ ಸರಿದು ಮೇಲೇರಬೇಕಾಯಿತು. ಕೆಲವರು ಗೊಣಗಿದರು. ಮೊಣಕಾಲು ನೋವಿನ ಒಬ್ಬ ಮುದುಕಿ ಮೇಲೇರದೆ ಅವಳ ಪಕ್ಕದಲ್ಲಿ ಕುಳಿತಳು. ಆಮೇಲೆ ಇನ್ನೂ ಕೆಲವರು ಕುಳಿತರು. ಮಳಿಗೆಗೆ ನೂಲು ಬರುವುದು ಕಡಿಮೆಯಾಯಿತು. ಕೊನೆಗೆ ವರ್ತಕ ಕಲ್ಲುಮಣ್ಣು ತರಿಸಿ, ಜಗಲಿಯವರೆಗೆ ಇಳಿಜಾರಾದ ದಾರಿ ಕಟ್ಟಿಸಿದ.

ಅವಳು ಆ ದಾರಿಯಲ್ಲಿ ಮೇಲೆ ಬಂದಳು. ಹತ್ತಿಯನ್ನು ಹಿಂಜಿ ನೋಡಿದಳು. ಒಳ್ಳೆಯ ಹತ್ತಿಯ ಒಂದು ಗಂಟಿಗಾಗಿ ಪಕ್ಕದವಳೊಡನೆ ಜಗಳವಾಡಿ ಗೆದ್ದಳು. ನೂತು ತಂದಾಗ ಎಲ್ಲರಷ್ಟೇ ಕೂಲಿ ಪಡೆದು ಮನೆಗೆ ಹೋದಳು. ವರ್ತಕನಿಗೆ ಒಂದು ಮಾತೂ ಹೇಳಲಿಲ್ಲ. ಅದು ಅವನ ಮನಸ್ಸಿನಲ್ಲಿ ಬಹಳ ಕಾಲ ಕೊರೆಯಿತು.

ಶಿಷ್ಯ ಹೇಳಿದ: “ಖರ್ಚು ಮಾಡಿ ದಾರಿ ಕಟ್ಟಿಸಿದನಲ್ಲ. ಅವಳು ಕೈ ಮುಗಿಯಬಹುದಿತ್ತು.”

ಗುರುಗಳು ಕೇಳಿದರು: “ಮೆಟ್ಟಿಲು ಕಟ್ಟಿಸಿದ್ದಕ್ಕೆ ಅವನಿಗೆ ಕೈ ಮುಗಿದವರು ಯಾರು?”