ಎಲೆಯ ಗುರುತು ನಂಬಿದ ಹಕ್ಕಿ

ಲೋಕ ಆಗಷ್ಟೇ ಶುರುವಾಗಿತ್ತು. ಯಾವುದು ಎಲ್ಲಿರಬೇಕು ಎಂಬುದೇ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮೋಡ ಬಾವಿಯೊಳಗೆ ಇಳಿದು ಕೂರುತ್ತಿತ್ತು. ಹೊಳೆ ಬೆಳಿಗ್ಗೆ ಒಂದು ಕಡೆ ಹರಿದರೆ ಸಂಜೆ ಇನ್ನೊಂದು ಕಡೆ ಹರಿಯುತ್ತಿತ್ತು. ಚಳಿಗಾಲ ಅನ್ನುವುದಂತೂ ಇನ್ನೂ ಬಂದೇ ಇರಲಿಲ್ಲ.

ಆಗ ಮಡಕೆ ಮಾಡುವ ಸಾವಂತ್ರವ್ವನ ಹಿತ್ತಲಿನಲ್ಲಿ ಒಂದು ಹಕ್ಕಿ ಇತ್ತು. ಅದಕ್ಕೆ ಒಂದೇ ಮರಿ. ಒಂದು ಮರದ ಪೊಟರೆಯಲ್ಲಿ ಅದನ್ನು ಸಾಕಿಕೊಂಡಿತ್ತು.

ಒಂದು ಬೆಳಿಗ್ಗೆ ತಣ್ಣನೆ ಗಾಳಿ ಬೀಸಿತು. ಇದೇನಪ್ಪಾ ಹೊಸದು ಎಂದು ಹಕ್ಕಿಗೆ ಗಾಬರಿಯಾಯಿತು. ಮರಿಗೆ ಗಾಳಿ ತಾಗಬಾರದೆಂದು ಸಾವಂತ್ರವ್ವನ ಹಸಿ ಮಣ್ಣು ತಂದು ಪೊಟರೆಯ ಬಾಯಿ ಮುಚ್ಚಿತು. ಗುರುತಿಗೆ ಎಲೆ ನೋಡಿಕೊಂಡಿತು. ಅಂಗೈ ಅಗಲದ ಎಲೆಯ ಮರ, ಇನ್ನೇನು ಮರೆಯಲಿಕ್ಕಿದೆ? ಹಾಗೆಂದು ಹುಳ ಹುಡುಕಲು ಹೋಯಿತು.

ಮಧ್ಯಾಹ್ನ ಬಂದು ನೋಡಿದರೆ ಒಂದು ಮರದಲ್ಲೂ ಎಲೆ ಇಲ್ಲ. ಎಲ್ಲ ಮರಗಳೂ ಬರೀ ಕಡ್ಡಿ. ಮುಚ್ಚಿದ ಮಣ್ಣು ಒಣಗಿ ತೊಗಟೆಯ ಬಣ್ಣಕ್ಕೇ ತಿರುಗಿತ್ತು.

ತನ್ನ ಮರ ಯಾವುದೆಂದು ಹಕ್ಕಿ ಗಾಳಿಯನ್ನು ಕೇಳಿತು. ಎಲೆ ಉದುರುತ್ತದೆ ಎಂದು ತನಗೂ ಗೊತ್ತಿರಲಿಲ್ಲ, ಸುಮ್ಮನೆ ಮುಟ್ಟಿದೆ ಅಷ್ಟೇ, ಯಾವ ಎಲೆ ಯಾವ ಮರದ್ದೆಂದು ಈಗ ಹೇಗೆ ಹೇಳಲಿ ಎಂದು ಗಾಳಿ ಮೂಲೆ ಸೇರಿತು. ಹಕ್ಕಿ ನೆಲಕ್ಕೆ ಬಿದ್ದ ಅಗಲದ ಎಲೆಯೊಂದನ್ನು ಕಚ್ಚಿಕೊಂಡು ಮರದಿಂದ ಮರಕ್ಕೆ ಹಿಡಿದು ನೋಡಿತು. ಎಲ್ಲದಕ್ಕೂ ಹೊಂದಿದಂತೆ ಕಂಡಿತು, ಯಾವುದಕ್ಕೂ ಹೊಂದಲಿಲ್ಲ.

ಕೊನೆಗೆ ಎದುರಿಗಿದ್ದ ಒಂದು ಮರವನ್ನೇ ಕೇಳಿತು. ಮರ ಬೋಳು ಕೊಂಬೆಗಳನ್ನು ನೋಡಿಕೊಂಡು ಹೇಳಿತು, "ನಾ ನೆಲ್ಲಿನೋ ಅತ್ತಿನೋ ಅಂತ ನನಗs ತಿಳೀವಲ್ದು. ನಿನ್ನ ಮರಿ ಸುದ್ದಿ ಏನ್ ಹೇಳ್ಲಿ?"

ಹೊತ್ತು ಇಳಿಯುತ್ತಿತ್ತು. ಚಳಿ ಏರುತ್ತಿತ್ತು. ಮರಿ ಬೆಳಗ್ಗಿನಿಂದ ಹಸಿದಿತ್ತು. ಹಕ್ಕಿಗೆ ಅಳು ಬಂತು, ಪಾಪ.

ಸಾವಂತ್ರವ್ವ ಅಂಗಳದಲ್ಲಿ ಕೂತು ಸುಟ್ಟ ಮಡಕೆಗಳನ್ನು ಒಂದೊಂದಾಗಿ ಬೆರಳಿನಿಂದ ಬಾರಿಸುತ್ತಿದ್ದಳು. ಬಾರಿಸುವುದು, ಕಿವಿಗೊಡುವುದು, ಬಿರುಕು ಬಿಟ್ಟಿದ್ದನ್ನು ಪಕ್ಕಕ್ಕಿಡುವುದು. ಹಕ್ಕಿಯ ಅಳು ಕೇಳಿ ತಲೆ ಎತ್ತಿದಳು.

"ಗಿಡಕ್ಕ ಕೇಳಿದ್ರ ಅದೇನ್ ಹೇಳತೈತಿ ತಂಗಿ? ಬಾರಿಸಿ ನೋಡು. ಒಳಗ ಟೊಳ್ಳಿದ್ರ ದನಿ ಬ್ಯಾರೆ ಬರತೈತಿ."

ಹಕ್ಕಿಗೆ ಕೈ ಎಲ್ಲಿಂದ ಬರಬೇಕು? ಕೊಕ್ಕಿನಿಂದಲೇ ಬಾರಿಸಿತು. ಟಕ್ ಟಕ್. ಗಟ್ಟಿ. ಸ್ವಲ್ಪ ಮೇಲೆ, ಟಕ್ ಟಕ್. ಅದೂ ಗಟ್ಟಿ. ಈ ಬದಿ ನೋಡಿದೆನೋ ಇಲ್ಲವೋ ಎಂದು ಅನುಮಾನ ಬಂದು ಮರವನ್ನೇ ಸುತ್ತಿತು. ಮುಂದಿನ ಮರಕ್ಕೆ ಹಾರಿತು. ಟಕ್ ಟಕ್. ಗಟ್ಟಿ. ಕೊಕ್ಕು ನೋಯಿತು, ತಲೆ ಸುತ್ತಿತು, ಆದರೂ ಬಿಡಲಿಲ್ಲ.

ಹಿತ್ತಲಿನ ಕೊನೆಯ ಮರದಲ್ಲಿ ದನಿ ಬೇರೆಯಾಗಿ ಕೇಳಿತು. ಹಕ್ಕಿ ತಲೆ ಓರೆ ಮಾಡಿ, ಉಸಿರು ಬಿಗಿಹಿಡಿದು ಕಾದಿತು. ಒಳಗಿನಿಂದ ತೀರಾ ಸಣ್ಣಗೆ ಒಂದು ಸದ್ದು ಬಂತು. ಟಕ್.

ಮಣ್ಣು ಒಡೆದು ಮರಿಯನ್ನು ಹೊರಗೆ ತೆಗೆದಾಗ ಅದು ನಡುಗುತ್ತಿತ್ತು. ತಾಯಿ ಅದನ್ನು ರೆಕ್ಕೆಯೊಳಗೆ ಎಳೆದುಕೊಂಡಿತು.

ಆ ಮರಿ ದೊಡ್ಡದಾಯಿತು. ಅಗಲದ ಎಲೆ, ಮಣ್ಣು, ಗಾಳಿ ಎಲ್ಲ ಅದಕ್ಕೆ ಮರೆತುಹೋಯಿತು. ತಾನು ಕತ್ತಲಲ್ಲಿ ಒಂಟಿಯಾಗಿದ್ದಾಗ ಹೊರಗಿನಿಂದ ಯಾರೋ ಬಾರಿಸಿದ್ದು ಮಾತ್ರ ನೆನಪುಳಿಯಿತು.

ಅದಕ್ಕೇ ಮಗೂ, ಈಗಲೂ ಚಳಿಗಾಲದಲ್ಲಿ ನಮ್ಮ ಹಿತ್ತಲಿಗೆ ಬರುವ ಮರಕುಟಿಗ ಕಾಂಡವನ್ನು ಸುತ್ತಿ ಸುತ್ತಿ ಬಾರಿಸುತ್ತದೆ, ಆಮೇಲೆ ಒಳಗೆ ಯಾರಾದರೂ ಇದ್ದಾರೇನೋ ಎಂದು ಒಂದು ಗಳಿಗೆ ಸುಮ್ಮನಾಗಿ ಕಾಯುತ್ತದೆ.